ಮನೆಯನ್ನು ನನ್ನ ಫೋನಿನಿಂದ ಬಿಡಿಸುವ ಕೆಲಸ

ಜರ್ಮನಿಗೆ ಹೊರಟಿದ್ದೇನೆ ಅಂತ ಗೊತ್ತಾದಾಗಿನಿಂದ ಎಲ್ಲರೂ ನನಗೆ ಪಟ್ಟಿ ಕಳಿಸುತ್ತಿದ್ದಾರೆ. ಮೊದಲೇ ಅಲ್ಲಿಗೆ ಹೋದ ಗೆಳತಿಯರು, ಆಫೀಸಿನವರು, ಗಂಡನ ಕಡೆಯ ನೆಂಟರು, ಎಲ್ಲರ ಹತ್ತಿರವೂ ಒಂದೊಂದು ಪಟ್ಟಿ ಇದೆ. ಕುಕ್ಕರ್ ತಗೊಂಡು ಹೋಗು, ಗ್ಯಾಸ್ಕೆಟ್ ಜಾಸ್ತಿ ಇಟ್ಕೋ. ಚಳಿಗಾಲದ ಜಾಕೆಟ್ ಇಲ್ಲಿ ಕೊಳ್ಳಬೇಡ, ಅಲ್ಲೇ ತಗೋ. ಹಲ್ಲು ತೋರಿಸ್ಕೊಂಡೇ ಹೋಗು, ಕನ್ನಡಕ ಎರಡು ಮಾಡಿಸ್ಕೋ. ಪವರ್ ಬ್ಯಾಂಕನ್ನು ಕೈಚೀಲದಲ್ಲಿಡು, ದೊಡ್ಡ ಸೂಟ್‌ಕೇಸಿಗೆ ಹಾಕಬೇಡ. ಒಂದೂ ಸುಳ್ಳಲ್ಲ, ಎಲ್ಲವೂ ಉಪಯೋಗದ ಮಾತೇ. ಆದರೆ ಒಂದು ರಾತ್ರಿ ಈ ಪಟ್ಟಿಗಳನ್ನೆಲ್ಲ ಒಟ್ಟಿಗೆ ಓದಿದಾಗ ಒಂದು ವಿಷಯ ತಲೆ ಕೊರೆಯೋಕೆ ಶುರುವಾಯಿತು. ಇವೆಲ್ಲ ಹೋಗುವವರ ಪಟ್ಟಿ. ಹಿಂದೆ ಉಳಿಯುವ ಮನೆಯ ಬಗ್ಗೆ ಇವುಗಳಲ್ಲಿ ಒಂದು ಸಾಲೂ ಇಲ್ಲ.

ಹೋಗುವವರ ಕೆಲಸ ಕಮ್ಮಿ ಅಂತಲ್ಲ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇದೆ, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅವೇ ಇನಿಷಿಯಲ್ಲುಗಳು ಪೂರ್ತಿ ಹೆಸರಾಗಿ ಸರ್‌ನೇಮ್ ಜಾಗದಲ್ಲಿ ಕೂತಿವೆ. ನಮ್ಮ ಕಡೆಯವರಿಗೆಲ್ಲ ಇದು ಗೊತ್ತಿರುವ ಕಥೆ. ಎರಡೂ ಹೆಸರು ನನ್ನದೇ ಅಂತ ಅಫಿಡವಿಟ್ ಮಾಡಿಸಬೇಕು. ಜರ್ಮನಿಯವರ ಅನಾಬಿನ್ ಅನ್ನುವ ಡೇಟಾಬೇಸಿನಲ್ಲಿ ನನ್ನ ವಿಶ್ವವಿದ್ಯಾಲಯವೂ ಡಿಗ್ರಿಯೂ ಇವೆಯಾ ನೋಡಬೇಕು. ನನಗೆ ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಸಿಗುವುದರಿಂದ ಗಂಡ ಜರ್ಮನ್ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ತೋರಿಸಬೇಕಾಗಿಲ್ಲ, ಅದೊಂದು ಸಮಾಧಾನ. ಅಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ನಗರಸಭೆಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಅಮ್ಮ ಕಾಯಿಸಿದ ತುಪ್ಪ ಒಯ್ಯುವ ಹಾಗಿಲ್ಲ, ಯಾಕೆಂದರೆ ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹಿತ್ತಲಿನ ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿಗೆ ತೊಂದರೆ ಇಲ್ಲ. ಇವೆಲ್ಲ ಹುಡುಕಿದರೆ ಸಿಗುವ ವಿಷಯ, ಮಾಡಿದರೆ ಮುಗಿಯುವ ಕೆಲಸ. ನಾನು ಬರೆಯಬೇಕು ಅಂದುಕೊಂಡಿದ್ದು ಇದನ್ನಲ್ಲ.

ಗ್ಯಾಸಿನವನು ಕೇಳಿದ ನಂಬರು

ಅಪ್ಪ ಅಮ್ಮ ಇರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಜೊತೆಗೆ ಸ್ವಲ್ಪ ಅಡಿಕೆ ತೋಟ. ನಾನು ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ನೋಡಿದರೆ ಅಮ್ಮನ ಮಿಸ್ಡ್ ಕಾಲ್ ಸಾಲಾಗಿ ನಿಂತಿದ್ದವು. ಏನಾಯಿತೋ ಅಂತ ಎದೆ ಧಸಕ್ಕೆಂದಿತು. ಫೋನ್ ಮಾಡಿದರೆ ಅಮ್ಮ, "ಏನಿಲ್ಲ ಪುಟ್ಟಿ, ಗ್ಯಾಸಿನವನು ಬಂದಿದ್ದ. ಅದೇನೋ ನಂಬರು ಬಂದಿರತ್ತೆ, ಹೇಳಿ ಅಂದ. ನನ್ನ ಫೋನಿಗೆ ಏನೂ ಬಂದಿರಲಿಲ್ಲ. ನಿನಗೆ ಮಾಡಿದೆ, ನೀನು ಎತ್ತಲಿಲ್ಲ. ಪಾಪ, ಅವನೂ ಮಳೆಯಲ್ಲಿ ಎಷ್ಟೊತ್ತು ಅಂತ ನಿಲ್ತಾನೆ, ಸಿಲಿಂಡರ್ ವಾಪಸ್ ಗಾಡಿಗೆ ಹಾಕ್ಕೊಂಡು ಹೋದ" ಅಂದಳು. ಮನೆಗೆ ಸಿಲಿಂಡರ್ ಕೊಡುವಾಗ ಕೋಡ್ ಹೇಳಬೇಕು ಅನ್ನುವ ನಿಯಮ 2020ರ ಕೊನೆಯಲ್ಲಿ ಬಂತು. ಕೋಡ್ ಹೋಗುವುದು ಗ್ಯಾಸ್ ಪುಸ್ತಕದಲ್ಲಿ ಬರೆಸಿದ ಮೊಬೈಲಿಗೆ. ಅದು ನನ್ನ ಮೊಬೈಲು.

ಆ ಗಾಡಿ ನಮ್ಮೂರಿಗೆ ದಿನಾ ಬರುವುದಿಲ್ಲ. ಮುಂದಿನ ಸಲ ಬರುವ ತನಕ ಅಮ್ಮ ಬಚ್ಚಲ ಒಲೆಯಲ್ಲಿ ಅನ್ನ ಸಾರು ಮಾಡಿದಳು. ಹಂಡೆ ಪಕ್ಕಕ್ಕೆ ಸರಿಸಿ, ಒದ್ದೆ ಕಟ್ಟಿಗೆ ಊದಿ ಊದಿ. ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. "ಸೌದೆ ಒಲೆ ಸಾರು ಕುಡಿದು ಎಷ್ಟು ವರ್ಷ ಆಗಿತ್ತು ಅಂತ ನಿಮ್ಮಪ್ಪ ಖುಷಿಯಾಗಿದ್ದಾರೆ" ಅಂದಳು, ಅಷ್ಟೇ. ಆಗ ನನಗೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಆಫರ್ ಲೆಟರ್ ಬಂದ ಮೇಲೆ ನೆನಪಾಯಿತು. ಸಾಗರದಲ್ಲಿ ಗ್ಯಾಸಿನವನು ಬೆಳಿಗ್ಗೆ 9.30ಕ್ಕೆ ಬಾಗಿಲಿಗೆ ಬಂದರೆ ನಾನು ಹೋಗಲಿರುವ ಸ್ಟುಟ್‌ಗಾರ್ಟಿನಲ್ಲಿ ಚಳಿಗಾಲದ ಬೆಳಗಿನ ಜಾವ 5 ಗಂಟೆ. ನಾನು ಎತ್ತುತ್ತೇನಾ? ಎತ್ತಲೇಬೇಕಾದ ಸ್ಥಿತಿ ಯಾಕಿರಬೇಕು? ಅಮ್ಮ ತನ್ನ ಮನೆ ಬಾಗಿಲಲ್ಲಿ ನಿಂತು ತನ್ನ ದುಡ್ಡು ಕೊಟ್ಟು ತನ್ನ ಸಿಲಿಂಡರ್ ತಗೊಳ್ಳೋಕೆ ಇನ್ನೊಂದು ಖಂಡದಲ್ಲಿರುವ ಮಗಳನ್ನು ಎಬ್ಬಿಸಬೇಕಾ?

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಕೂತು ನೋಡಿದೆ. ಅಪ್ಪ ಲೆಕ್ಕದ ಪುಸ್ತಕ ತಂದರು. ಇಬ್ಬರೂ ಒಂದೊಂದೇ ಬರೆಯುತ್ತಾ ಹೋದೆವು. ಗ್ಯಾಸು, ನನ್ನ ನಂಬರು. ಮೆಸ್ಕಾಂ ಬಿಲ್ಲು, ನನ್ನ ಫೋನಿನ ಆ್ಯಪ್ಪು. ಅಪ್ಪನ ಪಿಂಚಣಿ ಬರುವ ಖಾತೆ, ಮೆಸೇಜು ನನಗೆ. ಇಬ್ಬರ ಆಧಾರಿಗೂ ಜೋಡಿಸಿದ್ದು ನನ್ನ ನಂಬರು. ಆರೋಗ್ಯ ವಿಮೆ ನವೀಕರಣ ನನ್ನ ಕಾರ್ಡಿನಿಂದ. ಅಮ್ಮನ ಬಿಪಿ ಮಾತ್ರೆ ನಾನು ಆನ್‌ಲೈನಿನಲ್ಲಿ ತರಿಸುವುದು. ಒಂದೊಂದೂ ಯಾವಾಗಲೋ ಯಾವುದೋ ಕೌಂಟರಿನಲ್ಲಿ "ಮೊಬೈಲ್ ನಂಬರ್ ಹೇಳಿ" ಅಂದಾಗ ಕೊಟ್ಟಿದ್ದು. ಆಗ ಅಪ್ಪನ ಹತ್ತಿರ ಬಟನ್ ಫೋನಿತ್ತು, ಅದೂ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ನಮ್ಮ ಓರಗೆಯ ಬಹಳ ಜನರ ಮನೆಯಲ್ಲಿ ಹೀಗೇ ಆಗಿದೆ ಅಲ್ವಾ?

ಆ ಪಟ್ಟಿಯಲ್ಲಿ ನನ್ನ ನಂಬರು ಇಲ್ಲದ ಜಾಗಗಳೂ ಇದ್ದವು. ಅಡಿಕೆ ಸೊಸೈಟಿ, ಹಾಲಿನ ಡೈರಿ, ಬೆರಳು ಒತ್ತಿದರೆ ಅಕ್ಕಿ ಕೊಡುವ ನ್ಯಾಯಬೆಲೆ ಅಂಗಡಿ. ಅಂದರೆ ಅಪ್ಪ ಅಮ್ಮ ತಾವೇ ನಡೆದು ಹೋಗುವ ಕಡೆ ಅವರೇ ಯಜಮಾನರು. ನಡೆದು ಹೋಗುವ ಅಗತ್ಯ ಇಲ್ಲದ ಹಾಗೆ "ಸುಲಭ" ಆದ ಕಡೆಯೆಲ್ಲ ನಾನು. ಅವರ ಮನೆಯಲ್ಲಿ ಅವರಿಗೇ ಗೊತ್ತಾಗದ ಹಾಗೆ ಬಾಗಿಲುಗಳು ನನ್ನ ಕೈಗೆ ಬಂದಿದ್ದವು. ಬೆಂಗಳೂರಿನಲ್ಲಿ ಇರುವ ತನಕ ಅದು ಯಾರಿಗೂ ಕಾಣಲಿಲ್ಲ.

ಅಪ್ಪನ ಸಹಿ

ಬಿಡಿಸುವ ಕೆಲಸ ಆಧಾರಿನಿಂದ ಶುರು ಮಾಡಿದೆವು, ಯಾಕೆಂದರೆ ಉಳಿದದ್ದೆಲ್ಲ ಅದಕ್ಕೇ ಅಂಟಿಕೊಂಡಿರುತ್ತದೆ. ಆಧಾರ್ ಕೇಂದ್ರದಲ್ಲಿ ಅಪ್ಪನ ಬೆರಳು ಸಲೀಸಾಗಿ ಬಂತು. ಅಮ್ಮನದು ಬರಲಿಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ. ವರ್ಷವರ್ಷವೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ ಅದು, ತುದಿಯಲ್ಲಿ ಗೆರೆಗಳೇ ಇಲ್ಲ. ಕೊನೆಗೆ ಕಣ್ಣಿನ ಸ್ಕ್ಯಾನ್ ಮಾಡಿದರು. ಅಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, "ಈ ಕೈಗೆ ಅಷ್ಟೂ ಆಗಲ್ವಾ" ಅಂದಳು. ಹೆಮ್ಮೆಯಿಂದ ಹೇಳಿದಳೋ ಬೇಜಾರಿನಿಂದಲೋ ನನಗೆ ಗೊತ್ತಾಗಲಿಲ್ಲ.

ಬ್ಯಾಂಕಿನಲ್ಲಿ ಬೇರೆ ತರದ ತೊಂದರೆ. ಮೊಬೈಲ್ ನಂಬರ್ ಬದಲಾಯಿಸುವ ಫಾರಂಗೆ ಅಪ್ಪ ಸಹಿ ಹಾಕಿದರು. ಕೌಂಟರಿನಲ್ಲಿದ್ದವರು ಕಂಪ್ಯೂಟರಿನಲ್ಲಿ ಹಳೇ ಸಹಿ ತೆಗೆದು ನೋಡಿ, "ಸರ್, ಮ್ಯಾಚ್ ಆಗ್ತಿಲ್ಲ" ಅಂದರು. ಅಪ್ಪ ಪರದೆಯ ಕಡೆ ಬಗ್ಗಿ ನೋಡಿದರು. ಅಲ್ಲಿದ್ದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಕಿದ ಸಹಿ. ದೊಡ್ಡದಾಗಿ ಸುತ್ತಿದ ಮೊದಲಕ್ಷರ, ಕೊನೆಯಲ್ಲಿ ಅಡ್ಡಕ್ಕೆ ಎಳೆದ ಗೆರೆ, ಕೆಳಗೆ ಎರಡು ಚುಕ್ಕೆ. ನಾನು ಚಿಕ್ಕವಳಿದ್ದಾಗ ಪ್ರೋಗ್ರೆಸ್ ಕಾರ್ಡಿನ ಮೇಲೆ ನೋಡುತ್ತಿದ್ದ ಸಹಿ ಅದೇ. ಈಗ ಅಪ್ಪನ ಕೈ ಸ್ವಲ್ಪ ನಡುಗುತ್ತದೆ. ಗೆರೆ ನೇರ ಬರುವುದಿಲ್ಲ. ಹೊಸ ಮಾದರಿ ಸಹಿ ಕೊಡಿ ಅಂತ ಬ್ಯಾಂಕಿನವರು ಮರ್ಯಾದೆಯಿಂದಲೇ ಹೇಳಿದರು. ಅಪ್ಪ ಅವತ್ತು ಕೊಡಲಿಲ್ಲ. "ನಾಳೆ ಬರ್ತೀನಿ" ಅಂದು ಎದ್ದುಬಿಟ್ಟರು.

ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಪೇಪರಿನ ಅಂಚಿನ ಖಾಲಿ ಜಾಗದಲ್ಲಿ ಸಹಿ ಮಾಡುತ್ತಿದ್ದರು. ಮಕ್ಕಳಿಗೆ ಕಾಪಿ ಬರೆಸಿದ ಮೇಷ್ಟ್ರು. ಹಳೆಯದನ್ನು ಹಾಗೇ ತರೋಕೆ ನೋಡಿದರು, ಆಗಲಿಲ್ಲ. ಆಮೇಲೆ ಸುತ್ತು ಬಿಟ್ಟು, ಗೆರೆ ಬಿಟ್ಟು, ಕನ್ನಡದಲ್ಲಿ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದರು. ಮತ್ತೆ ಮತ್ತೆ ಬರೆದರು. ಎಲ್ಲವೂ ಒಂದೇ ತರ ಬಂದವು. "ಇದು ಬರತ್ತೆ" ಅಂದರು. ಮಾರನೇ ದಿನ ಅದನ್ನೇ ಕೊಟ್ಟರು. ಪಿಂಚಣಿ ಖಾತೆಯ ಮೊದಲ ಮೆಸೇಜು ಅಪ್ಪನ ಹೊಸ ಫೋನಿಗೆ ಬಂದಾಗ ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು, ಬಾಕಿ ಮೊತ್ತದ ಪೈಸೆಯವರೆಗೆ.

ವಯಸ್ಸಾದವರ ಕೈಗೆ ಓಟಿಪಿ ಕೊಟ್ಟರೆ ಮೋಸ ಹೋಗುತ್ತಾರೆ ಅಂತ ನನ್ನ ಗಂಡ ಹೇಳಿದ. ನಿಜವಾದ ಭಯವೇ. ಪೊಲೀಸರ ಹೆಸರಿನಲ್ಲಿ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ನಿವೃತ್ತರ ಉಳಿತಾಯವನ್ನೇ ದೋಚಿದ ಸುದ್ದಿ ಎಷ್ಟು ಓದಿಲ್ಲ? ಹಾಗಂತ ಅಪ್ಪನ ದುಡ್ಡಿನ ಮೇಲೆ ಅಪ್ಪನ ಹಿಡಿತ ತಪ್ಪಿಸುವುದು ಉತ್ತರ ಅಂತ ನಾನು ಒಪ್ಪುವುದಿಲ್ಲ. ನಾವು ಖಾತೆ ಎರಡು ಮಾಡಿದೆವು. ಪಿಂಚಣಿ ಮತ್ತು ಉಳಿತಾಯ ಇರುವುದಕ್ಕೆ ಇಂಟರ್ನೆಟ್ ಬ್ಯಾಂಕಿಂಗೂ ಇಲ್ಲ, ಯುಪಿಐಯೂ ಇಲ್ಲ. ಬೇಕಾದರೆ ಬ್ಯಾಂಕಿಗೇ ಹೋಗಬೇಕು. ತಿಂಗಳ ಖರ್ಚಿನಷ್ಟು ಇನ್ನೊಂದರಲ್ಲಿ, ಫೋನಿಗೆ ಜೋಡಿಸಿದ್ದು ಅದು ಮಾತ್ರ. ಸೈಬರ್ ಮೋಸದ ಸಹಾಯವಾಣಿ 1930 ಅನ್ನು ಅಪ್ಪ ಕ್ಯಾಲೆಂಡರಿನ ಮೇಲೆ ಕೆಂಪು ಇಂಕಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ. ನವೆಂಬರಿನ ಲೈಫ್ ಸರ್ಟಿಫಿಕೇಟನ್ನು ಈಗ ಫೋನಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಅದು ಬೇಡ, ಬ್ಯಾಂಕಿಗೆ ಹೋಗಿಯೇ ಕೊಡ್ತೀನಿ, ಅಲ್ಲಿ ಹಳೇ ಸ್ನೇಹಿತರು ಸಿಗ್ತಾರೆ ಅಂದರು. ಸರಿ, ಬಿಟ್ಟೆ.

"ಎಲ್ಲಾ ಅಲ್ಲಿಂದಲೇ ಮಾಡಬಹುದು"

ಇದನ್ನು ಎಷ್ಟು ಜನ ಹೇಳಿದ್ದಾರೋ. ಸುಮ್ನೆ ಇಷ್ಟೆಲ್ಲ ಯಾಕೆ ಓಡಾಡ್ತೀಯ, ಭಾರತದ ಸಿಮ್ ರೋಮಿಂಗಿನಲ್ಲಿ ಇಟ್ಕೋ, ಮನೆಗೆ ಎರಡು ಕ್ಯಾಮೆರಾ ಹಾಕಿಸು, ಉಳಿದದ್ದೆಲ್ಲ ಆ್ಯಪ್ಪಿನಲ್ಲಿ ಆಗುತ್ತೆ ಅಂತ. ಹೇಳುವವರು ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಮಲೆನಾಡಿನ ಜುಲೈ ನೋಡಿದವರು ಈ ಮಾತು ಹೇಳುವುದಿಲ್ಲ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಬ್ಯಾಟರಿ ಮುಗಿದ ಮೇಲೆ ಟವರೂ ಹೋಗುತ್ತದೆ. ಆಗ ಕ್ಯಾಮೆರಾದಲ್ಲಿ ನಾನು ಏನು ನೋಡಲಿ? ನೋಡಿದರೂ, ಅಮ್ಮ ಅಂಗಳದಲ್ಲಿ ಜಾರಿ ಬಿದ್ದದ್ದು ಸ್ಟುಟ್‌ಗಾರ್ಟಿನಿಂದ ಕಂಡರೆ ಎತ್ತುವವರು ಯಾರು?

ಕಾನೂನೂ ಆ ಮಾತಿಗೆ ಪೂರ್ತಿ ಜೊತೆ ಕೊಡುವುದಿಲ್ಲ. ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ, ಅದರಲ್ಲಿ ದುಡ್ಡೂ ಇಲ್ಲದಿದ್ದರೆ, ಕಂಪನಿಯವರು ನಂಬರ್ ರದ್ದು ಮಾಡಬಹುದು. ಅದು ಇನ್ನೊಬ್ಬರ ಕೈಗೆ ಹೋದರೆ ಮನೆಯ ಎಲ್ಲಾ ಓಟಿಪಿಯೂ ಅವರ ಕೈಗೆ. ವಿದೇಶದ ನಂಬರಿನಲ್ಲಿ ಯುಪಿಐ ಬಳಸೋಕೆ 2023ರ ಜನವರಿಯಲ್ಲಿ 10 ದೇಶಗಳಿಗೆ ಅವಕಾಶ ಕೊಟ್ಟಾಗ ಜರ್ಮನಿ ಆ ಪಟ್ಟಿಯಲ್ಲಿರಲಿಲ್ಲ. ಅನಿವಾಸಿ ಆದ ಮೇಲೆ ನನ್ನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ, ಅದನ್ನು ಅನಿವಾಸಿಗಳ ಎನ್‌ಆರ್‌ಓ ಖಾತೆ ಮಾಡಿಸಬೇಕು, ಅದರ ಬಡ್ಡಿಯಲ್ಲಿ ಶೇ 30ರಷ್ಟು ತೆರಿಗೆ ಮೊದಲೇ ಹಿಡಿಯುತ್ತಾರೆ. ಅಪ್ಪನ ಖಾತೆಯಲ್ಲಿ ಜಂಟಿಯಾಗಿ ನನ್ನ ಹೆಸರಿದೆ, ನಾನು ಅನಿವಾಸಿ ಅಂತ ಅಲ್ಲಿಯೂ ತಿಳಿಸಬೇಕು. ಬಹಳ ಜನ ಇದನ್ನೆಲ್ಲ ಹಾಗೇ ಬಿಟ್ಟು ಹೋಗುತ್ತಾರೆ. ನಡೆಯುವ ತನಕ ನಡೆಯುತ್ತೆ, ತೊಂದರೆ ಬಂದಾಗ ಅದು ಬರುವುದು ಇಲ್ಲಿ ಉಳಿದವರ ಮೇಲೆ.

ನನ್ನ ನಂಬಿಕೆ ಇಷ್ಟು. ಮನೆಗೆ ಬೇಕಾಗಿರುವುದು ನಡೆದು ಬರಬಹುದಾದ ದೂರದಲ್ಲಿ ಒಬ್ಬರು. ನಮಗೆ ಚಿಕ್ಕಪ್ಪನ ಮಗ ಇದ್ದಾನೆ, ನನಗೆ ತಮ್ಮನಾಗಬೇಕು. ತೋಟ ದಾಟಿದರೆ ಅವನ ಮನೆ. "ನೀನು ಹೋಗು ಅಕ್ಕ, ನಾನಿಲ್ವಾ" ಅಂದ. ಅವನು ಹಾಗೆ ಹೇಳುತ್ತಾನೆ ಅಂತ ಗೊತ್ತಿತ್ತು, ಅದಕ್ಕೇ ಅಲ್ಲಿಗೆ ನಿಲ್ಲಿಸಲಿಲ್ಲ. ಒಬ್ಬರ ಒಳ್ಳೆಯತನದ ಮೇಲೆ ಎಲ್ಲ ಭಾರ ಹಾಕಿ ವಿಮಾನ ಹತ್ತುವುದು ನನಗೆ ಸರಿ ಕಾಣಲಿಲ್ಲ. ಏನು ಮಾಡಬೇಕು, ಎಷ್ಟು ಮಾಡಬೇಕು, ಖರ್ಚು ಎಲ್ಲಿಂದ ಅಂತ ಅವನೂ ಅವನ ಹೆಂಡತಿಯೂ ಇರುವಾಗ ಕೂತು ಮಾತಾಡಿದೆ. ಆಸ್ಪತ್ರೆ ಖರ್ಚಿಗೆ ಒಂದಿಷ್ಟು ಹಣ ಬೇರೆಯಾಗಿ ಇಟ್ಟಿದ್ದೇವೆ, ಅವನು ಯಾರನ್ನೂ ಕೇಳದೆ ತೆಗೆಯುವ ಹಾಗೆ. ನನ್ನ ಹೆಸರಿನ ಕೆಲಸಗಳಿಗೆ ಅವನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟೆ. ಯಾವ ಯಾವ ಕೆಲಸಕ್ಕೆ ಅಂತ ಬಿಡಿಸಿ ಬರೆಸಿದೆ, ಮಾರುವ ಅಧಿಕಾರ ಇಲ್ಲದ್ದು. ಇದನ್ನು ಇಲ್ಲಿಂದ ಹೊರಡುವ ಮೊದಲೇ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಲ್ಲಿಗೆ ಹೋದ ಮೇಲೆ ಮಾಡಿದರೆ ನಮ್ಮ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಕಾಯುವ ವಿಷಯ

ಯಾವ ಪಟ್ಟಿಯಲ್ಲೂ ಇಲ್ಲದ ಇನ್ನೊಂದು ಮಾತಿದೆ. ಅದನ್ನು ನಾನು ಎತ್ತಲಿಲ್ಲ, ಅಪ್ಪನೇ ಎತ್ತಿದರು.

ನಮ್ಮ ಪಕ್ಕದ ಕೇರಿಯ ಹಿರಿಯರೊಬ್ಬರು ತೀರಿಕೊಂಡಾಗ ಅವರ ಮಗ ವಿದೇಶದಲ್ಲಿದ್ದ. ಅವನು ಬರುವ ತನಕ ಅಂತ ಎರಡು ದಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟರು. ಮಳೆ, ಕರೆಂಟಿಲ್ಲ, ಜನರೇಟರ್ ತರಿಸಿದ್ದರು. ಅದರ ಸದ್ದಿನಲ್ಲಿ ಯಾರು ಏನು ಮಾತಾಡಿದರೂ ಕೇಳುತ್ತಿರಲಿಲ್ಲ. ಅವರ ಹೆಂಡತಿ ಎರಡು ದಿನವೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದರಂತೆ. ಅಪ್ಪ ಎರಡು ದಿನವೂ ಹೋಗಿ ಬಂದಿದ್ದರು. ನನ್ನ ವೀಸಾ ಬಂದ ಮೇಲೆ ಒಂದು ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆ ವಿಷಯ ತೆಗೆದರು. "ನನಗೆ ಹಾಗೆ ಮಾಡಬೇಡಿ. ನೀನು ಬರೋ ತನಕ ಕಾಯೋದು ಬೇಡ. ನಿನ್ನ ತಮ್ಮನಿಗೂ ಹೇಳಿದ್ದೀನಿ. ನೀನು ಗಾಬರಿ ಬಿದ್ದು ಓಡಿ ಬರಬೇಡ, ಹನ್ನೊಂದನೇ ದಿನಕ್ಕೆ ಬಂದರೂ ಸಾಕು."

ನನಗೆ ಬಾಯಿ ಕಟ್ಟಿಹೋಯಿತು. ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಲ್ಲಿಂದಲೇ ಹೇಳಿದಳು. "ಅದು ನಿಮ್ಮ ವಿಷಯ. ನನಗೆ ಕಾಯಲಿ. ಅವಳು ಬಂದು ನೋಡಬೇಕು ನನ್ನನ್ನ." ಅಪ್ಪ ಏನೂ ಹೇಳಲಿಲ್ಲ. ಇಷ್ಟು ವರ್ಷ ಜೊತೆಗಿದ್ದವರು, ಈ ಒಂದು ವಿಷಯ ಇಬ್ಬರೂ ಯಾವತ್ತೂ ಮಾತಾಡಿರಲಿಲ್ಲ ಅಂತ ಅವರ ಮುಖದಲ್ಲೇ ಕಾಣುತ್ತಿತ್ತು.

ಆಮೇಲೆ ಲೆಕ್ಕ ಹಾಕಿ ನೋಡಿದೆ, ಹಾಕಲೇಬೇಕಿತ್ತು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಸಿಕ್ಕರೆ ಸುಮಾರು 9 ಗಂಟೆ, ಬೆಂಗಳೂರಿನಿಂದ ಸಾಗರಕ್ಕೆ 350 ಕಿಲೋಮೀಟರಿಗೂ ಜಾಸ್ತಿ ದಾರಿ. ಶಿವಮೊಗ್ಗದಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ, ಆದರೆ ಹೊತ್ತಿಗೆ ಸರಿಯಾಗಿ ವಿಮಾನ ಸಿಗಬೇಕಲ್ಲ. ಎಲ್ಲ ಕೂಡಿ ಬಂದರೂ ಸುದ್ದಿ ಕೇಳಿದ ಗಳಿಗೆಯಿಂದ ಒಂದು ಪೂರ್ತಿ ದಿನ. ಕೂಡಿ ಬರದಿದ್ದರೆ ಎರಡು. ಅದಕ್ಕೆ ಟಿಕೆಟಿನ ದುಡ್ಡು ಯಾವಾಗಲೂ ತೆಗೆದಿಟ್ಟಿರಬೇಕು, ಬೇರೆ ಯಾವುದಕ್ಕೂ ಮುಟ್ಟಬಾರದು. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಕೈಗೆ ಬರುವ ಮೊದಲೇ ವೀಸಾ ಮುಗಿಯದ ಹಾಗೆ ಅರ್ಜಿ ಹಾಕಬೇಕು. ಇಬ್ಬರು ಹೇಳಿದ್ದನ್ನೂ ಹೇಳಿದ ಹಾಗೇ ಬರೆದು ತಮ್ಮನ ಕೈಗೆ ಕೊಟ್ಟಿದ್ದೇನೆ, ಅಪ್ಪನದು ಬೇರೆ, ಅಮ್ಮನದು ಬೇರೆ. ಹೊರಡುವ ಸಡಗರದಲ್ಲಿ ಇಂಥ ಮಾತು ಅಪಶಕುನ ಅಂತ ನೆಂಟರು ಬೈದರು. ಆ ಮಧ್ಯಾಹ್ನ ಅಪ್ಪ ಬಾಯಿ ತೆರೆಯದೆ ಹೋಗಿದ್ದರೆ ಅಮ್ಮನ ಮನಸ್ಸು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಬೈಸಿಕೊಂಡದ್ದಕ್ಕೆ ನನಗೆ ಬೇಸರ ಇಲ್ಲ.

ಮುಗಿಯದೆ ಉಳಿದದ್ದು

ತೋಟದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ಹೋಗಿ ಎಷ್ಟೋ ವರ್ಷ ಆಯಿತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗದೆ ಅಪ್ಪನ ಹೆಸರು ಬರುವುದಿಲ್ಲ, ಅಪ್ಪನ ಹೆಸರು ಬರದೆ ಮುಂದಿನದು ಯಾವುದೂ ಆಗುವುದಿಲ್ಲ. ಅನಿವಾಸಿಯಾದ ನಾನು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು, ಆದರೆ ಅದು ಕಾಗದದಲ್ಲಿ ಸರಿಯಾಗಿ ಬಂದಿರಬೇಕು. ಅಜ್ಜನ ಮರಣ ಪ್ರಮಾಣಪತ್ರ ಸಿಕ್ಕಿತು. ವಂಶವೃಕ್ಷಕ್ಕೆ ಅತ್ತೆಯಂದಿರ ಹೆಸರೂ ಬರಬೇಕು, ಅವರ ಒಪ್ಪಿಗೆಯೂ ಬೇಕು. ಸಿದ್ದಾಪುರದ ಅತ್ತೆ ಬಂದು ಸಹಿ ಹಾಕಿ, ಹೋಗುವಾಗ ನನ್ನ ಕೈಯಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇಟ್ಟು ಹೋದರು. ಹುಬ್ಬಳ್ಳಿ ಅತ್ತೆಗೆ ಮೊಣಕಾಲು ನೋವು, ದೀಪಾವಳಿಗೆ ಬರುತ್ತೇನೆ ಅಂದಿದ್ದಾರೆ. ನಾನು ಅಷ್ಟರಲ್ಲಿ ಹೋಗಿರುತ್ತೇನೆ. ನಾಡಕಚೇರಿಯ ಕೆಲಸ ಅಪ್ಪನದು, ಜೊತೆಗೆ ತಮ್ಮ ಇರುತ್ತಾನೆ. ಯಾವ ಕಾಗದ ಎಲ್ಲಿದೆ ಅಂತ ಅಪ್ಪ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅರ್ಜಿಯನ್ನು ಅಲ್ಲಿಂದಲೇ ಆನ್‌ಲೈನಿನಲ್ಲಿ ಹಾಕಲಾ ಅಂತ ನಾನು ಕೇಳಿದೆ. ಬೇಡ ಅಂದರು.